ಇಂಗ್ಲಿಷಿನ ನಿತ್ಯಪಾಠವೂ ಮನೆಗೆಲಸವೂ: ಬೆಂಗಳೂರು ಪ್ರಯೋಗದ ಒಂದು ವಿಮರ್ಶೆ

೧

ವಿಮರ್ಶೆಯ ದೃಷ್ಟಿ ಕಾವ್ಯ, ನಾಟಕ, ಕಾದಂಬರಿಗಳ ಮೇಲೆ ಬೀಳುವಷ್ಟು ಶಾಲೆಯ ನಿತ್ಯಪಾಠದ ಮೇಲೆ ಬೀಳುವುದು ಅಪೂರ್ವ. ಆದರೂ ಓದುಗನು ಸಿದ್ಧನಾಗುವುದು ತರಗತಿಯಲ್ಲಿಯೇ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಬರೆಹವನ್ನು ಅರ್ಥಕ್ಕಾಗಿ ಓದತಕ್ಕುದೆಂಬ ಅಭ್ಯಾಸವಾಗಲಿ, ನೋಡಿಕೊಂಡು ನಕಲು ಮಾಡಿದರೆ ಸಾಕೆಂಬ ಅಭ್ಯಾಸವಾಗಲಿ, ಹನ್ನೊಂದು ಹನ್ನೆರಡನೆಯ ವಯಸ್ಸಿನ ಹೊತ್ತಿಗೆ ಮಗುವಿನ ಮನಸ್ಸಿನಲ್ಲಿ ನೆಲೆಗೊಂಡುಬಿಡುತ್ತದೆ. ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಈ ಮಾತು ಹೊರಗಿನದಲ್ಲ. ಹೊಸಗನ್ನಡ ಸಾಹಿತ್ಯವನ್ನು ಕಟ್ಟಿದವರಲ್ಲಿ ಬಿ. ಎಂ. ಶ್ರೀಕಂಠಯ್ಯ, ವಿ. ಕೃ. ಗೋಕಾಕ, ಎಸ್. ವಿ. ರಂಗಣ್ಣ, ಎ. ಎನ್. ಮೂರ್ತಿರಾವ್ ಮೊದಲಾದ ಅನೇಕರು ವೃತ್ತಿಯಿಂದ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ಇವರು ಇಂಗ್ಲಿಷಿನಿಂದ ಕನ್ನಡಕ್ಕೆ ತಂದುದೆಲ್ಲವೂ ಅರ್ಥವನ್ನು ಅರಸುತ್ತ ಓದಿದ ಓದಿನ ಫಲ. ಆ ಬಗೆಯ ಓದಿಗೆ ಇಂದಿನ ಮಾಧ್ಯಮಿಕ ಮತ್ತು ಪ್ರೌಢಶಾಲೆಗಳ ಇಂಗ್ಲಿಷ್ ತರಗತಿಯಲ್ಲಿ ಎಡೆಯುಂಟೇ ಎಂಬುದು ಸಾಹಿತ್ಯದ ಪ್ರಶ್ನೆಯೂ ಆಗಿರುವುದು.

ಈ ಪ್ರಶ್ನೆಗೆ ಉತ್ತರವಾಗಿ ಬೆಂಗಳೂರಿನಲ್ಲಿಯೇ ಒಂದು ಪ್ರಯೋಗ ನಡೆಯಿತು. ೧೯೭೯ರಿಂದ ೧೯೮೪ರವರೆಗೆ ನಡೆದು, ಜಗತ್ತಿನ ಭಾಷಾಬೋಧನ ಶಾಸ್ತ್ರಜ್ಞರಲ್ಲೆಲ್ಲ ‘ಬೆಂಗಳೂರು ಪ್ರಯೋಗ’ವೆಂದೇ ಹೆಸರಾದ ಅದರ ವೃತ್ತಾಂತವನ್ನು ಅದರ ಪ್ರವರ್ತಕರಾದ ಎನ್. ಎಸ್. ಪ್ರಭು ಅವರು ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಎಂಬ ಗ್ರಂಥದಲ್ಲಿ ೧೯೮೭ರಲ್ಲಿ ಪ್ರಕಟಿಸಿದರು. ಪರದೇಶಗಳಲ್ಲಿ ಆ ಗ್ರಂಥವು ಪಡೆದ ಚರ್ಚೆಗೆ ಹೋಲಿಸಿದರೆ ಅದು ಹುಟ್ಟಿದ ಊರಿನ ಶಾಲೆಗಳಲ್ಲಿ ಪಡೆದ ಚರ್ಚೆ ಅತ್ಯಲ್ಪ. ಆ ಗ್ರಂಥದ ತತ್ತ್ವವನ್ನು ಬೆಂಗಳೂರಿನ ದಂಡು ಪ್ರದೇಶದ ಮತ್ತು ಅದರ ಪೂರ್ವಕ್ಕಿರುವ ಬಡಾವಣೆಗಳ ಮಕ್ಕಳ ಸ್ಥಿತಿಗೆ ಹಿಡಿದು ನೋಡಿ, ಅದರ ಗುಣವನ್ನೂ ಕೊರತೆಯನ್ನೂ ನಿರ್ಣಯಿಸುವುದು ಈ ಲೇಖನದ ಉದ್ದೇಶ. ನಿರ್ಣಯಕ್ಕೆ ಒರೆಗಲ್ಲಾಗಿ ಇಟ್ಟುಕೊಂಡಿರುವುದು ‘ಮನೆಗೆಲಸ’ವೆಂಬ ನಿತ್ಯದ ವಿಧಿ.

ಮೊದಲು ಆ ಪದವನ್ನೇ ಕುರಿತು ಒಂದು ಮಾತು. ಶಾಲೆಯವರು ‘ಹೋಂವರ್ಕ್’ ಎಂಬುದಕ್ಕೆ ‘ಮನೆಗೆಲಸ’ವೆಂದು ಬಳಸುತ್ತಾರೆ. ಆದರೆ ಕನ್ನಡದಲ್ಲಿ ಮನೆಗೆಲಸವೆಂದರೆ ಮೊದಲಿನಿಂದಲೂ ಕಸ ಗುಡಿಸುವುದು, ಪಾತ್ರೆ ತೊಳೆಯುವುದು, ನೀರು ಹಿಡಿಯುವುದು, ಕೂಸನ್ನು ಎತ್ತಿಕೊಳ್ಳುವುದು. ಉರ್ದುವಿನ ‘ಘರ್ ಕಾ ಕಾಮ್’ ಎಂಬ ಮಾತಿಗೂ ಇದೇ ಎರಡರ್ಥ. ತಮಿಳಿನ ‘ವೀಟ್ಟುಪ್ಪಾಡಂ’ ಎಂಬುದು ಮನೆಯ ಪಾಠವೆಂಬ ಅರ್ಥವನ್ನು ಕೊಟ್ಟು ಈ ಗೊಂದಲವನ್ನು ತಪ್ಪಿಸುತ್ತದೆ. ಕನ್ನಡದ ‘ಮನೆಪಾಠ’ವಾದರೋ ದುಡ್ಡು ಕೊಟ್ಟು ಹೇಳಿಸಿಕೊಳ್ಳುವ ಖಾಸಗಿ ಪಾಠಕ್ಕೆ ಮೀಸಲಾಗಿ ಹೋಗಿದೆ. ಈ ಶಬ್ದವಿಚಾರ ಬರಿಯ ವಿನೋದವಲ್ಲ. ಬಡಮನೆಯ ಹುಡುಗಿಗೆ ಸಂಜೆ ಎರಡು ಮನೆಗೆಲಸಗಳು ಕಾದಿರುತ್ತವೆ. ಒಂದನ್ನು ಮಾಡಲು ಮನೆಯವರ ನೆರವುಂಟು, ಇನ್ನೊಂದಕ್ಕೆ ಇಲ್ಲ.

೨

ಬೆಂಗಳೂರಿನ ಪೂರ್ವಭಾಗವನ್ನೇ ಇಲ್ಲಿ ನಿದರ್ಶನಕ್ಕೆ ಆರಿಸಿಕೊಂಡುದಕ್ಕೆ ಕಾರಣವುಂಟು. ೧೮೦೯ರಲ್ಲಿ ಬ್ರಿಟಿಷರ ಸೈನ್ಯ ನೆಲೆನಿಂತ ಈ ಭಾಗವನ್ನು ಪೇಟೆಯವರು ‘ದಂಡು’ ಎಂದು ಕರೆದರು. ೧೮೮೧ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿದರೂ ‘ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಿಂದ ದಂಡು ಬ್ರಿಟಿಷರ ಆಡಳಿತದಲ್ಲಿಯೇ ಉಳಿದು, ೧೯೪೭ರ ಜುಲೈಯಲ್ಲಿ ಮೈಸೂರಿಗೆ ಸೇರಿತು. ೧೯೪೯ರಲ್ಲಿ ನಗರವೂ ದಂಡೂ ಒಂದೇ ಕಾರ್ಪೊರೇಷನ್ನಿನ ಆಡಳಿತಕ್ಕೆ ಬಂದುವು. ಸೈನ್ಯದ ಬೆನ್ನಿಗೆ ಬಂದ ತಮಿಳರು ಹಲಸೂರಿನಲ್ಲಿಯೂ, ಉರ್ದು ಮಾತಿನವರೂ ತಮಿಳರೂ ಇಂದಿನ ಶಿವಾಜಿನಗರದಲ್ಲಿಯೂ ನೆಲೆಸಿದರು. ಅನಂತರ ೧೯೪೦ರಲ್ಲಿ ವಿಮಾನದ ಕಾರ್ಖಾನೆ, ೧೯೪೮ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆಗಳು ಬಂದು, ಕನ್ನಡ ಜಿಲ್ಲೆಗಳಿಂದಲೂ ನೆರೆಯ ನಾಡುಗಳಿಂದಲೂ ಕಾರ್ಮಿಕರ ಸಂಸಾರಗಳನ್ನು ಪೂರ್ವಕ್ಕೆ ಸೆಳೆದುವು. ಇಂದಿರಾನಗರದಂಥ ಬಡಾವಣೆಗಳು ಎದ್ದುದು ಇವುಗಳೆಲ್ಲದರ ಮೇಲೆ. ಹೀಗೆ ಒಂದೇ ತರಗತಿಯ ನಲವತ್ತು ಮಕ್ಕಳ ಮನೆಗಳಲ್ಲಿ ಕನ್ನಡ, ತಮಿಳು, ಉರ್ದು, ತೆಲುಗುಗಳಲ್ಲಿ ಯಾವುದಾದರೂ ಒಂದು ಮಾತಾಗಿರುವುದು ಈ ಕಡೆ ಸಾಮಾನ್ಯ. ಇಂಗ್ಲಿಷು ಮನೆಮಾತಾಗಿರುವುದು ಕೆಲವೇ ಮನೆಗಳಲ್ಲಿ.

ದಂಡಿನ ಇಂಗ್ಲಿಷ್ ಶಿಕ್ಷಣಕ್ಕೆ ಮೊದಲಿನಿಂದಲೂ ಎರಡು ಮುಖಗಳು. ೧೮೬೫ರ ಬಿಷಪ್ ಕಾಟನ್ ಶಾಲೆ, ೧೮೮೦ರ ಬಾಲ್ಡ್ವಿನ್ ಶಾಲೆ, ಸಂತ ಜೋಸೆಫರ ಶಾಲೆ ಇವು ಮುಖ್ಯವಾಗಿ ಐರೋಪ್ಯರ ಮತ್ತು ಆಂಗ್ಲೋ-ಇಂಡಿಯನ್ನರ ಮಕ್ಕಳಿಗಾಗಿ ಹುಟ್ಟಿದುವು. ಅಲ್ಲಿ ಇಂಗ್ಲಿಷು ಮನೆಯ ಮಾತು. ಶಾಲೆಯ ಪಾಠ ಮನೆಯಲ್ಲಿ ತಾನಾಗಿ ಮುಂದುವರಿಯುತ್ತಿದ್ದಿತು. ಇನ್ನೊಂದು ಕಡೆ, ೧೮೭೩ರಲ್ಲಿ ಅರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಬಡಮಕ್ಕಳಿಗಾಗಿ ತೆರೆದ ಉಚಿತ ಶಾಲೆಯಂಥವುಗಳಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷು ಶಾಲೆಯ ಬಾಗಿಲೊಳಗಿನ ಮಾತು ಮಾತ್ರ. ಮೊದಲನೆಯ ವರ್ಗಕ್ಕೆ ಸಹಜವಾದ ಮನೆಗೆಲಸದ ಪದ್ಧತಿಯೇ ಕಾಲಕ್ರಮದಲ್ಲಿ ಎರಡನೆಯ ವರ್ಗಕ್ಕೂ ಮಾದರಿಯಾಯಿತು. ಇಂಗ್ಲಿಷ್ ತರಗತಿಯ ಮೂಲದೋಷಗಳಲ್ಲಿ ಇದು ಪ್ರಧಾನವಾದುದು.

ಸ್ವಾತಂತ್ರ್ಯಾನಂತರದ ಭಾಷಾನೀತಿಯ ವಾದಗಳು ಈ ದೋಷವನ್ನು ಮುಟ್ಟಲಿಲ್ಲ. ೧೯೮೧ರ ಗೋಕಾಕ ವರದಿ, ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ವಿಷಯವಾಗಿ ಕಲಿಸಬೇಕೆಂಬ ೨೦೦೭ರ ಕ್ರಮ, ಮಾತೃಭಾಷಾ ಮಾಧ್ಯಮವನ್ನು ಸರ್ಕಾರವು ಕಡ್ಡಾಯ ಮಾಡಲಾಗದೆಂಬ ೨೦೧೪ರ ಸರ್ವೋಚ್ಚ ನ್ಯಾಯಾಲಯದ ತೀರ್ಪು, ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆದ ೨೦೧೯ರ ಕ್ರಮ—ಇವೆಲ್ಲವೂ ಯಾವ ಭಾಷೆಗೆ ಯಾವ ಸ್ಥಾನವೆಂಬ ವಿಚಾರಕ್ಕೆ ಸೇರಿದುವು. ಸ್ಥಾನವನ್ನು ಪಡೆದ ಮೇಲೆ ಆ ಭಾಷೆಯ ಗಂಟೆಯಲ್ಲಿ ನಡೆಯತಕ್ಕುದೇನು, ಆ ಸಂಜೆ ಮನೆಗೆ ಹೋಗತಕ್ಕುದೇನು ಎಂಬ ವಿಚಾರ ಹಿಂದೆಯೇ ಉಳಿಯಿತು.

೩

ನಿತ್ಯಪಾಠದ ಸಾಮಾನ್ಯ ಕ್ರಮ ಉಪಾಧ್ಯಾಯರಾದವರಿಗೆಲ್ಲ ಪರಿಚಿತ. ಉಪಾಧ್ಯಾಯರು ಪಾಠವನ್ನು ಗಟ್ಟಿಯಾಗಿ ಓದುವರು. ವಾಕ್ಯವಾಕ್ಯವನ್ನೂ ಮಕ್ಕಳ ಮಾತಿನಲ್ಲಿ ವಿವರಿಸುವರು. ಕಠಿನಪದಗಳ ಅರ್ಥವನ್ನು ಹಲಗೆಯ ಮೇಲೆ ಬರೆಯುವರು. ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರವನ್ನೂ ತಾವೇ ಬರೆಯಿಸುವರು. ಆ ಉತ್ತರಗಳನ್ನು ಮತ್ತೊಂದು ಪುಸ್ತಕಕ್ಕೆ ಅಂದವಾಗಿ ಇಳಿಸಿಕೊಂಡು ಬರುವುದು ಮನೆಗೆಲಸ. ಇದರ ಜೊತೆಗೆ ದಿನಕ್ಕೊಂದು ಪುಟ ಕಾಪಿ; ಉಕ್ತಲೇಖನದಲ್ಲಿ ಕಾಗುಣಿತ ತಪ್ಪಿದರೆ ಹತ್ತು ಸಲದ ಇಂಪೊಸಿಷನ್. ಮನೆಯಲ್ಲಿ ಇಂಗ್ಲಿಷ್ ಬಲ್ಲವರಿದ್ದರೆ ಮಗು ಕೇಳಿ ತಿಳಿದುಕೊಳ್ಳುವುದು. ಕೈಯಲ್ಲಿ ಹಣವಿದ್ದರೆ ಟ್ಯೂಷನ್ನಿಗೆ ಹೋಗುವುದು. ಎರಡೂ ಇಲ್ಲದಿದ್ದರೆ ಗೈಡಿನಿಂದಲೋ ಗೆಳೆಯನ ಪುಸ್ತಕದಿಂದಲೋ ಇಳಿಸಿಕೊಳ್ಳುವುದು. ಮೂರು ಬಗೆಯ ಮಕ್ಕಳ ಪುಸ್ತಕಗಳೂ ಮಾರನೆಯ ದಿನ ಒಂದೇ ರೀತಿಯಾಗಿ ಕಾಣುವುವು. ಕೆಂಪು ಶಾಯಿಯ ಗುರುತೂ ಒಂದೇ. ಯಾರಿಗೆ ಅರ್ಥವಾಗಿದೆ, ಯಾರಿಗೆ ಆಗಿಲ್ಲ ಎಂಬುದನ್ನು ತಿಳಿಯುವ ಒಂದೇ ಸಾಧನವನ್ನು ಹೀಗೆ ಶಾಲೆ ತಾನಾಗಿಯೇ ಕಳೆದುಕೊಳ್ಳುತ್ತದೆ.

ಇದಕ್ಕೆ ಉಪಾಧ್ಯಾಯರನ್ನು ದೂಷಿಸುವುದು ನ್ಯಾಯವಲ್ಲ. ತುಂಬಿದ ತರಗತಿ, ಮುಗಿಸಲೇಬೇಕಾದ ಪಾಠಗಳು, ವರ್ಷದ ಕೊನೆಯ ಪರೀಕ್ಷೆ ಇವು ಅವರನ್ನು ಈ ದಾರಿಗೆ ತಳ್ಳುತ್ತವೆ. ತಂದೆತಾಯಿಗಳೂ ಇದನ್ನೇ ಬಯಸುವರು. ಇಂಗ್ಲಿಷ್ ಓದಲಾರದ ತಾಯಿಗೆ ತನ್ನ ಮಗುವಿನ ಕಲಿಕೆಗೆ ಕಣ್ಣಿಗೆ ಕಾಣುವ ಸಾಕ್ಷಿಯೆಂದರೆ ತುಂಬಿದ ಪುಟವೂ ಉಪಾಧ್ಯಾಯರ ಸಹಿಯೂ ಮಾತ್ರ. ಮನೆಗೆಲಸವನ್ನು ಕೊಡದ ಶಾಲೆ ಪಾಠವನ್ನೇ ಮಾಡದ ಶಾಲೆಯೆಂದು ಅವಳು ಶಂಕಿಸಿದರೆ ಅದು ಅವಿವೇಕವಲ್ಲ. ಆದುದರಿಂದ ಮನೆಗೆಲಸವನ್ನು ತೆಗೆದುಹಾಕಬೇಕೆಂಬ ಸುಲಭದ ಮಾತು ಪರಿಹಾರವಾಗಲಾರದು.

ನಕಲಿನ ಪಾಠಕ್ಕೂ ಅರ್ಥದ ಪಾಠಕ್ಕೂ ಇರುವ ಅಂತರವನ್ನು ಆರ್. ಕೆ. ನಾರಾಯಣರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ (೧೯೩೫) ಶಾಸ್ತ್ರಗ್ರಂಥಗಳಿಗಿಂತ ಮೊದಲೇ ತೋರಿಸಿತು. ಕಾದಂಬರಿ ಆರಂಭವಾಗುವುದೇ ಸೋಮವಾರದ ಬೆಳಗ್ಗೆ, ಮುಗಿಯದ ಮನೆಗೆಲಸದೊಡನೆ. ಮುಂದೆ ರಜೆಯಲ್ಲಿ ತಂದೆ ಮಗನಿಗೆ ಒಂದು ಲೆಕ್ಕ ಕೊಡುತ್ತಾನೆ: ಹತ್ತು ಮಾವಿನ ಹಣ್ಣಿನಿಂದ ಹದಿನೈದು ಆಣೆ ಬರಬೇಕಾದರೆ ನಾಲ್ಕನ್ನು ಕೊಳ್ಳುವವನು ಕೊಡಬೇಕಾದುದೆಷ್ಟು? ಸ್ವಾಮಿನಾಥನಿಗೆ ಲೆಕ್ಕ ಬಾರದು. ಏಕೆಂದರೆ ಹಣ್ಣು ಪಕ್ವವಾಗಿದೆಯೇ ಇಲ್ಲವೇ ಎಂಬುದು ಅವನಿಗೆ ತಿಳಿಯಬೇಕು. ಓದುಗರು ಇದನ್ನು ಹಾಸ್ಯವೆಂದು ಸವಿಯುವರು, ಹಾಸ್ಯವೂ ಹೌದು. ಆದರೆ ಬೆಲೆಯನ್ನು ನಿಶ್ಚಯಿಸುವ ಮೊದಲು ಹಣ್ಣಿನ ಗುಣವನ್ನು ಕೇಳುವುದು ಸಂತೆಯಲ್ಲಿ ನಿಂತವನ ಸಹಜಬುದ್ಧಿ. ಹುಡುಗನು ಲೆಕ್ಕದ ವಾಕ್ಯಗಳನ್ನು ಅರ್ಥವುಳ್ಳ ವಾಕ್ಯಗಳೆಂದು ನಂಬಿ ಓದುತ್ತಿದ್ದಾನೆ. ಲೆಕ್ಕವಾದರೋ ಆ ನಂಬಿಕೆಯನ್ನು ಬಿಡೆಂದು ಕೇಳುತ್ತದೆ. ಇನ್ನೊಂದು ಅಂಶವನ್ನೂ ಇಲ್ಲಿ ಗಮನಿಸಬೇಕು. ಸ್ವಾಮಿಗೆ ಕುಳಿತು ಬರೆಯಲು ತಂದೆಯ ಕೋಣೆಯಲ್ಲಿ ಮೇಜುಂಟು; ತಂದೆ ವಕೀಲ. ಇಷ್ಟಿದ್ದೂ ಮನೆಗೆಲಸ ಅವನಿಗೆ ಶಿಕ್ಷೆಯಾಗುವುದಾದರೆ, ಹಲಸೂರಿನ ಗಲ್ಲಿಯ ಒಂದೇ ಕೋಣೆಯ ಮನೆಯಲ್ಲಿ ಅದು ಏನಾದೀತೆಂಬುದನ್ನು ಊಹಿಸಬಹುದು.

೪

ಈಗ ಪ್ರಭು ಅವರ ಪ್ರಯೋಗವನ್ನು ಪರಿಶೀಲಿಸಬಹುದು. ದಕ್ಷಿಣ ಭಾರತದ ಇಂಗ್ಲಿಷ್ ಉಪಾಧ್ಯಾಯರ ಶಿಕ್ಷಣಕ್ಕಾಗಿ ಬೆಂಗಳೂರಿನಲ್ಲಿ ೧೯೬೩ರಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪಿತವಾಯಿತು. ಆ ಕಾಲಕ್ಕೆ ದಕ್ಷಿಣದ ಶಾಲೆಗಳಲ್ಲಿ ವ್ಯಾಪಿಸುತ್ತಿದ್ದುದು ವಾಕ್ಯರಚನಾಕ್ರಮದ ಬೋಧನೆ. ವಾಕ್ಯದ ಅಚ್ಚುಗಳನ್ನು ಸುಲಭದಿಂದ ಕಠಿನಕ್ಕೆ ಸಾಲಾಗಿ ಜೋಡಿಸಿ, ದಿನಕ್ಕೊಂದನ್ನು ಸನ್ನಿವೇಶಗಳ ಮೂಲಕ ಬಾಯಿಪಾಠವಾಗುವಂತೆ ಅಭ್ಯಾಸ ಮಾಡಿಸುವುದು ಅದರ ಕ್ರಮ. ಹಳೆಯ ವ್ಯಾಕರಣದ ಕಂಠಪಾಠಕ್ಕಿಂತ ಇದು ಮೇಲೆಂಬುದು ನಿಜ. ಆದರೆ ತರಗತಿಯಲ್ಲಿ ಅಚ್ಚನ್ನು ಸರಿಯಾಗಿ ಹೇಳಿದ ಮಗು ಹೊರಗೆ ಅದನ್ನು ಬಳಸಲಾರದೆಂಬ ಅನುಭವ ಉಪಾಧ್ಯಾಯರಲ್ಲಿ ಬಲಿಯಿತು. ಮದರಾಸಿನ ಬ್ರಿಟಿಷ್ ಕೌನ್ಸಿಲ್ಲಿನಲ್ಲಿದ್ದ ಪ್ರಭು ಅವರು ಈ ಅತೃಪ್ತಿಯನ್ನೇ ಆಧಾರವಾಗಿಟ್ಟುಕೊಂಡು, ಬೆಂಗಳೂರಿನ ಸಂಸ್ಥೆಯ ಸಹಕಾರದಿಂದ, ಸಾಮಾನ್ಯ ಶಾಲೆಗಳ ಕೆಲವು ತರಗತಿಗಳಲ್ಲಿ ಹೊಸಕ್ರಮವನ್ನು ಐದು ವರ್ಷ ಪರೀಕ್ಷಿಸಿದರು.

ಅವರ ಮೂಲತತ್ತ್ವವನ್ನು ಒಂದು ವಾಕ್ಯದಲ್ಲಿ ಹೇಳಬಹುದು: ಮನಸ್ಸು ಅರ್ಥದಲ್ಲಿ ತೊಡಗಿರುವಾಗಲೇ ವ್ಯಾಕರಣವು ಒಳಗೆ ನೆಲೆಗೊಳ್ಳುತ್ತದೆ. ಆದುದರಿಂದ ಅವರ ಪಾಠದಲ್ಲಿ ಕಲಿಸತಕ್ಕ ಅಚ್ಚಿನ ಪಟ್ಟಿಯಿಲ್ಲ. ಮಾಡತಕ್ಕ ಕಾರ್ಯಗಳ ಸಾಲುಂಟು. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ತಿಂಗಳ ಪಂಚಾಂಗ, ಶಾಲೆಯ ವೇಳಾಪಟ್ಟಿ, ವಸ್ತುಗಳ ಬೆಲೆ ಇಂಥವು ಸಾಮಗ್ರಿ. ಗಂಟೆಯ ಮೊದಲ ಭಾಗದಲ್ಲಿ ಉಪಾಧ್ಯಾಯರು ಒಂದು ಕಾರ್ಯವನ್ನು ಇಡೀ ತರಗತಿಯೊಡನೆ ಮಾತನಾಡುತ್ತ ಮಾಡಿ ತೋರಿಸುವರು, ಇದು ಪೂರ್ವಕಾರ್ಯ. ಅನಂತರ ಅದೇ ಜಾತಿಯ ಇನ್ನೊಂದು ಕಾರ್ಯವನ್ನು ಪ್ರತಿಯೊಂದು ಮಗುವೂ ತಾನೇ ಮಾಡುವುದು. ಉತ್ತರಕ್ಕೆ ಗುಣ ಕೊಡುವುದು ಅದರ ವಿಷಯವನ್ನು ನೋಡಿ; ಭಾಷೆಯ ತಪ್ಪನ್ನು ಮಾತಿನ ನಡುವೆ ಸಹಜವಾಗಿ ತಿದ್ದುವರೇ ಹೊರತು ಅದಕ್ಕಾಗಿ ಪಾಠವನ್ನು ನಿಲ್ಲಿಸುವುದಿಲ್ಲ. ತರಗತಿಯ ಸುಮಾರು ಅರ್ಧದಷ್ಟು ಮಕ್ಕಳಿಗೆ ಕಾರ್ಯದ ಅರ್ಧವಾದರೂ ಸರಿಯಾಗಿ ಬಂದರೆ ಅದು ತಕ್ಕ ಮಟ್ಟದ ಕಾರ್ಯ; ಅಷ್ಟು ಬರದಿದ್ದರೆ ಮರುದಿನದ್ದನ್ನು ಸುಲಭ ಮಾಡಬೇಕು.

ಕಾರ್ಯಗಳನ್ನು ಪ್ರಭು ಅವರು ಮೂರಾಗಿ ವಿಂಗಡಿಸುತ್ತಾರೆ. ಒಬ್ಬನಿಗೆ ಗೊತ್ತಿದ್ದುದನ್ನು ಇನ್ನೊಬ್ಬನಿಗೆ ತಿಳಿಸುವುದು ತಿಳಿವಳಿಕೆಯ ತೆರಪಿನದು. ಗೊತ್ತಿದ್ದುದರಿಂದ ಗೊತ್ತಿಲ್ಲದುದನ್ನು ತರ್ಕಿಸುವುದು ತರ್ಕದ ತೆರಪಿನದು. ತನ್ನ ಭಾವನೆಯನ್ನೋ ನಿಲುವನ್ನೋ ಹೇಳುವುದು ಅಭಿಪ್ರಾಯದ ತೆರಪಿನದು. ಇವುಗಳಲ್ಲಿ ಅವರು ಎತ್ತಿಹಿಡಿಯುವುದು ಎರಡನೆಯದನ್ನು. ತರ್ಕದ ಕಾರ್ಯಕ್ಕೆ ಖಚಿತವಾದ ಉತ್ತರವಿರುವುದರಿಂದ ಮಗುವಿಗೆ ತಾನು ಗೆದ್ದೆನೋ ಇಲ್ಲವೋ ಎಂಬುದು ಆ ಗಂಟೆಯೊಳಗೇ ತಿಳಿಯುತ್ತದೆ.

ಪೂರ್ವ ಬೆಂಗಳೂರಿನ ಇಂದಿನ ಮಗುವಿಗೆ ಇದನ್ನು ಹೊಂದಿಸುವುದು ಕಷ್ಟವಲ್ಲ. ಮೆಟ್ರೋ ರೈಲಿನ ನೇರಳೆ ಮಾರ್ಗದಲ್ಲಿ ಹಲಸೂರಿನಿಂದ ಪೂರ್ವಕ್ಕೆ ಹೊರಟರೆ ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ, ಬೈಯಪ್ಪನಹಳ್ಳಿ, ಬೆನ್ನಿಗಾನಹಳ್ಳಿ, ಕೃಷ್ಣರಾಜಪುರ ಎಂದು ನಿಲ್ದಾಣಗಳು ಬರುತ್ತವೆ. ಒಬ್ಬ ಹುಡುಗ ಹಲಸೂರಿನಲ್ಲಿ ಹತ್ತಿ ನಾಲ್ಕನೆಯ ನಿಲ್ದಾಣದಲ್ಲಿ ಇಳಿದನು, ತಪ್ಪಿತೆಂದು ತಿಳಿದು ಒಂದು ನಿಲ್ದಾಣ ಹಿಂದಕ್ಕೆ ಬಂದನು; ಅವನ ಸೋದರತ್ತೆಯ ಮನೆ ಯಾವ ನಿಲ್ದಾಣದ ಬಳಿಯದು? ಇದನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಮಗು ಭೂತಕಾಲದ ಕ್ರಿಯಾಪದವನ್ನು ಲಕ್ಷಿಸದೆ ಬೈಯಪ್ಪನಹಳ್ಳಿಯನ್ನು ಹುಡುಕುತ್ತದೆ. ಹುಡುಕುವಾಗಲೇ ಕ್ರಿಯಾಪದವು ಮನಸ್ಸಿಗೆ ಹತ್ತುತ್ತದೆ. ಹಣ್ಣು ಪಕ್ವವಾಗಿದೆಯೇ ಎಂದು ಕೇಳಿದ ಸ್ವಾಮಿಗೆ ಹೊಂದುವ ತರಗತಿ ಇಂಥದು.

೫

ಈ ಪ್ರಯೋಗದ ಗುಣವನ್ನು ನಿರ್ಣಯಿಸುವಾಗ ಮೊದಲು ಹೇಳಬೇಕಾದುದು ಅದರ ನ್ಯಾಯಬುದ್ಧಿ. ಮಗುವಿನ ಪರೀಕ್ಷೆ ತರಗತಿಯೊಳಗೆ, ಉಪಾಧ್ಯಾಯರ ಕಣ್ಣೆದುರಿಗೆ, ಅದೇ ಗಂಟೆಯಲ್ಲಿ ಮುಗಿಯುತ್ತದೆ. ಇಂಗ್ಲಿಷ್ ಬಲ್ಲ ಮನೆಯ ಮಗುವಿಗೂ ಅರಿಯದ ಮನೆಯ ಮಗುವಿಗೂ ಸಿಕ್ಕುವ ಕಾಲ ಒಂದೇ, ನೆರವು ಒಂದೇ. ಎರಡನೆಯ ಗುಣ ಅದರ ಸರಳತೆ. ದುಬಾರಿ ಸಾಮಗ್ರಿ ಬೇಡ. ಗುಂಪುಗೂಡಿಸುವ ಆಡಂಬರವೂ ಇಲ್ಲ. ಮಕ್ಕಳು ತಮ್ಮತಮ್ಮೊಳಗೇ ಆಡುವ ಅರೆಬರೆ ಇಂಗ್ಲಿಷು ಹಾಗೆಯೇ ಗಟ್ಟಿಯಾಗಿಬಿಟ್ಟೀತೆಂದು ಪ್ರಭು ಅವರು ಗುಂಪುಕೆಲಸವನ್ನು ಬದಿಗಿಟ್ಟು, ಉಪಾಧ್ಯಾಯರ ಮಾತನ್ನೇ ಪಾಠದ ನಡುವೆ ನಿಲ್ಲಿಸಿದರು. ಹಲಗೆ, ಸೀಮೆಸುಣ್ಣ, ಮಾತು ಇಷ್ಟೇ ಇರುವ ಶಾಲೆಗೂ ಇದು ಒಗ್ಗುತ್ತದೆ. ೧೯೮೪ರಲ್ಲಿ ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಎಂಬ ಇಬ್ಬರು ಹೊರಗಿನ ಪರೀಕ್ಷಕರು ಹೊಸಕ್ರಮದ ಮಕ್ಕಳನ್ನೂ ಹಳೆಯ ಕ್ರಮದ ಮಕ್ಕಳನ್ನೂ ಹೋಲಿಸಿದಾಗ, ವಾಕ್ಯದ ಅಚ್ಚನ್ನು ಕೇಳುವ ಪರೀಕ್ಷೆಯಲ್ಲಿ ಹಳೆಯ ಕ್ರಮದವರೂ, ಭಾಷೆಯ ಬಳಕೆಯನ್ನು ಕೇಳುವ ಪರೀಕ್ಷೆಗಳಲ್ಲಿ ಒಟ್ಟಿನ ಮೇಲೆ ಹೊಸಕ್ರಮದವರೂ ಮೇಲಾಗಿ ಕಂಡರು. ಅವರ ತೀರ್ಪು ಎಚ್ಚರಿಕೆಯ ಮಾತುಗಳೊಡನೆ ಕೂಡಿದ ಒಪ್ಪಿಗೆ.

ಇನ್ನು ಕೊರತೆಗಳು. ಮೊದಲನೆಯದು ಉಪಾಧ್ಯಾಯರಿಗೆ ಸಂಬಂಧಿಸಿದುದು. ಈ ಪಾಠಕ್ಕೆ ಇಂಗ್ಲಿಷಿನಲ್ಲಿ ಆಗಿಂದಾಗ್ಗೆ ತಾನಾಗಿ ಮಾತನಾಡಬಲ್ಲ ಉಪಾಧ್ಯಾಯರು ಬೇಕು. ಸಿದ್ಧವಾದ ಉತ್ತರದ ಆಸರೆ ಇಲ್ಲಿಲ್ಲ. ಪ್ರಯೋಗದಲ್ಲಿಯೇ ವಿಶೇಷ ತರಬೇತಿ ಹೊಂದಿದ್ದವರು ಇದನ್ನು ಚೆನ್ನಾಗಿ ನಡೆಯಿಸಿದರೆ, ಶಾಲೆಯ ಸಾಮಾನ್ಯ ಉಪಾಧ್ಯಾಯರಲ್ಲಿ ಹಲವರಿಗೆ ಅದು ಪೂರ್ತಿಯಾಗಿ ಕೈಗೂಡಲಿಲ್ಲವೆಂದು ಬೆರೆಟ್ಟಾ ಅವರೇ ಅನಂತರ ತೋರಿಸಿದರು. ಪ್ರಭು ಅವರೂ ಇದನ್ನು ಅರಿಯದವರಲ್ಲ. ಅತ್ಯುತ್ತಮವಾದ ಬೋಧನಕ್ರಮವೆಂಬುದೊಂದಿಲ್ಲ, ಉಪಾಧ್ಯಾಯನಿಗೆ ತಾನು ಮಾಡುತ್ತಿರುವುದರಲ್ಲಿ ಇರುವ ಜೀವಂತವಾದ ನಂಬಿಕೆಯೇ ಮುಖ್ಯವೆಂದು ೧೯೯೦ರ ಒಂದು ಪ್ರಬಂಧದಲ್ಲಿ ಅವರು ವಾದಿಸಿದರು. ಆ ಮಾತು ನಿಜವಾದರೆ, ಯಾವ ಕ್ರಮವನ್ನೇ ಆಗಲಿ ಸುತ್ತೋಲೆಯ ಮೂಲಕ ಶಾಲೆಗಳಿಗೆ ಇಳಿಸಲು ಬಾರದು.

ಎರಡನೆಯ ಕೊರತೆ ಸಾಹಿತ್ಯಕ್ಕೆ ಸಂಬಂಧಿಸಿದುದು. ಸಾಹಿತ್ಯದ ಅಧ್ಯಾಪಕರು ವಿಶೇಷವಾಗಿ ಗಮನಿಸತಕ್ಕುದು. ಖಚಿತವಾದ ಉತ್ತರವುಳ್ಳ ಕಾರ್ಯವನ್ನೇ ಶ್ರೇಷ್ಠವೆಂದಾಗ ಕಥೆಗೂ ಕವಿತೆಗೂ ಅಲ್ಲಿ ಎಡೆ ಕಿರಿದಾಗುತ್ತದೆ. ವೇಳಾಪಟ್ಟಿಗೆ ಒಂದೇ ಉತ್ತರ, ಕಥೆಗೆ ಹಾಗಲ್ಲ. ಕರ್ನಾಟಕದ ಹತ್ತನೆಯ ತರಗತಿಗಾಗಿ ಈಚಿನ ವರ್ಷಗಳಲ್ಲಿ ಸಿದ್ಧವಾದ ದ್ವಿತೀಯ ಭಾಷೆ ಇಂಗ್ಲಿಷ್ ಪಠ್ಯದಲ್ಲಿ ನಾರಾಯಣರ ‘ಎ ಹೀರೋ’ ಕಥೆಯುಂಟು, ಷೇಕ್ಸ್‌ಪಿಯರನ ದಯೆಯ ಭಾಷಣವುಂಟು, ಕನ್ನಡದ ಪ್ರಥಮಭಾಷಾ ಸ್ಥಾನಕ್ಕಾಗಿ ವರದಿಯಿತ್ತ ಗೋಕಾಕರೇ ಇಂಗ್ಲಿಷಿನಲ್ಲಿ ಬರೆದ ‘ದಿ ಸಾಂಗ್ ಆಫ್ ಇಂಡಿಯಾ’ ಎಂಬ ಕವಿತೆಯುಂಟು. ಆಯ್ಕೆ ಕೆಟ್ಟುದಲ್ಲ. ಇಂಥ ಪಾಠಗಳ ಮುಂದೆ ಮಗು ನಿಲ್ಲಬೇಕಾದ ತೆರಪು ಅಭಿಪ್ರಾಯದ್ದೇ. ತರ್ಕದ ಪಾಠವು ಮಗುವಿಗೆ ಇಂಗ್ಲಿಷನ್ನು ತಂದುಕೊಡಬಹುದು. ಆದರೆ ಓದುವ ಸುಖವನ್ನು ತಂದುಕೊಡುವ ಹೊಣೆಯನ್ನು ಅದು ಹೊರುವುದಿಲ್ಲ.

ಮೂರನೆಯ ಕೊರತೆಯೇ ಇಲ್ಲಿ ಮುಖ್ಯವಾದುದು. ಪ್ರಭು ಅವರ ತರಗತಿಯಲ್ಲಿ ಮನೆಯ ಭಾಷೆಗೆ ನಿಷೇಧವಿಲ್ಲ. ಮಗು ತಡವರಿಸಿದಾಗ ತನ್ನ ಮಾತಿನಲ್ಲಿ ಹೇಳಬಹುದು. ಆದರೆ ಅದಕ್ಕೆ ಕೆಲಸವೂ ಇಲ್ಲ. ಮನೆಯ ಅಸಮತೆಯನ್ನು ನಿವಾರಿಸುವುದಕ್ಕಾಗಿ ಈ ಕ್ರಮವು ಮನೆಯನ್ನೇ ಲೆಕ್ಕದಿಂದ ಬಿಟ್ಟಿತು. ಹಳೆಯ ಪದ್ಧತಿ ಮನೆಯಲ್ಲಿ ಇಲ್ಲದ ಇಂಗ್ಲಿಷನ್ನು ಮನೆಯಿಂದ ಕೇಳಿತು. ಹೊಸದು ಮನೆಯಲ್ಲಿರುವ ಕನ್ನಡ, ತಮಿಳು, ಉರ್ದುಗಳನ್ನೂ ಕೇಳಲಿಲ್ಲ. ದಂಡಿನಂಥ ಬಹುಭಾಷಾ ಪ್ರದೇಶದಲ್ಲಿ ಮಗುವಿನ ನಿಜವಾದ ಸಂಪತ್ತು ಯಾವುದೋ ಅದು ಎರಡು ಪದ್ಧತಿಗಳಲ್ಲಿಯೂ ಹೊರಗೇ ಉಳಿಯಿತು.

೬

ಮನೆಗೆಲಸದ ಭಾರವು ಸಾರ್ವಜನಿಕ ಚರ್ಚೆಗೆ ಬಂದುದು ಮತ್ತೆ ನಾರಾಯಣರ ಮೂಲಕವೇ. ಸ್ವಾಮಿಯನ್ನು ಸೃಷ್ಟಿಸಿ ಅರ್ಧ ಶತಮಾನ ಕಳೆದ ಮೇಲೆ, ರಾಜ್ಯಸಭೆಯ ನಾಮಕರಣಗೊಂಡ ಸದಸ್ಯರಾಗಿ, ೧೯೮೯ರ ತಮ್ಮ ಚೊಚ್ಚಲ ಭಾಷಣವನ್ನು ಅವರು ಮಕ್ಕಳ ಪುಸ್ತಕದ ಚೀಲಕ್ಕೂ ಮನೆಗೆಲಸಕ್ಕೂ ಮೀಸಲಿಟ್ಟರು. ಇದರ ಪರಿಣಾಮವಾಗಿ ಪ್ರೊಫೆಸರ್ ಯಶಪಾಲರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ೧೯೯೨ರಲ್ಲಿ ನೇಮಕವಾಗಿ ೧೯೯೩ರಲ್ಲಿ ವರದಿಯನ್ನು ಒಪ್ಪಿಸಿತು. ಆ ವರದಿಯ ಸಾರವಾದ ಮಾತು ಚೀಲದ ತೂಕವನ್ನು ಕುರಿತದ್ದಲ್ಲ. ಓದಿದುದು ಅರ್ಥವಾಗದಿರುವ ಭಾರವೇ ಹೆಚ್ಚು ಘಾತಕವಾದುದೆಂಬುದು ಅದರ ಅಭಿಪ್ರಾಯ. ಕೆಳಗಿನ ತರಗತಿಗಳಲ್ಲಿ ಸಾಮಾನ್ಯವಾಗಿ ಮನೆಗೆಲಸ ಬೇಡವೆಂದೂ, ಮೇಲಿನ ತರಗತಿಗಳಲ್ಲಿ ಅದು ಪಠ್ಯದ ಪುನರಾವೃತ್ತಿಯಾಗಬಾರದೆಂದೂ ಸಮಿತಿ ಸೂಚಿಸಿತು. ೨೦೨೦ರ ಶಾಲಾ ಚೀಲದ ನೀತಿಯಲ್ಲಿ ಕೇಂದ್ರ ಸರ್ಕಾರವು ಆರರಿಂದ ಎಂಟನೆಯ ತರಗತಿಯವರಿಗೆ ದಿನಕ್ಕೆ ಒಂದು ಗಂಟೆಯನ್ನೂ, ಅದರ ಮೇಲಿನವರಿಗೆ ಎರಡು ಗಂಟೆಯನ್ನೂ ಮನೆಗೆಲಸದ ಮಿತಿಯಾಗಿ ಸೂಚಿಸಿತು. ಮಿತಿ ಬೇಕಾದುದೇ. ಆದರೆ ಗಡಿಯಾರದ ಮಿತಿಯಿಂದ ನಕಲಿನ ಪುಟಗಳು ಕಡಮೆಯಾಗಬಹುದು, ನಕಲು ಅರ್ಥವಾಗಿ ಮಾರ್ಪಡುವುದಿಲ್ಲ.

ಪ್ರಭು ಅವರ ತತ್ತ್ವವನ್ನೂ ಯಶ್‌ಪಾಲ್ ಸಮಿತಿಯ ಸೂಚನೆಯನ್ನೂ ಜೋಡಿಸಿ ನೋಡಿದರೆ ಪೂರ್ವ ಬೆಂಗಳೂರಿನ ತರಗತಿಗೆ ತಕ್ಕ ದಾರಿಯೊಂದು ತೋರುತ್ತದೆ. ಇಂಗ್ಲಿಷಿನಿಂದ ಆಗಬೇಕಾದ ಕೆಲಸವೆಲ್ಲ ತರಗತಿಯಲ್ಲಿ, ಉಪಾಧ್ಯಾಯರ ಮುಂದೆ ಆಗಬೇಕು. ಮನೆಗೆ ಹೋಗುವುದು ಮನೆಯ ಮಾತಿನಲ್ಲಿ ಆಗಬಲ್ಲ ಕೆಲಸವಾಗಿರಬೇಕು. ಅದರಿಂದ ಬಂದುದು ಮರುದಿನದ ಇಂಗ್ಲಿಷ್ ಪಾಠಕ್ಕೆ ಸಾಮಗ್ರಿಯಾಗಬೇಕು.

ನಿದರ್ಶನಕ್ಕೆ ‘ಎ ಹೀರೋ’ ಕಥೆಯನ್ನೇ ತೆಗೆದುಕೊಳ್ಳಬಹುದು. ಹುಲಿಯೊಡನೆ ಕಾದಿದ ಹುಡುಗನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ತಂದೆ, ಧೈರ್ಯವೊಂದಿದ್ದರೆ ಸಾಕೆಂದು ವಾದಿಸಿ, ಅಜ್ಜಿಯ ಪಕ್ಕದಲ್ಲಿ ಮಲಗುವ ಸ್ವಾಮಿಯನ್ನು ತನ್ನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗುವಂತೆ ಮಾಡುತ್ತಾನೆ. ರಾತ್ರಿ ಕತ್ತಲಿನಲ್ಲಿ ಬಂದ ಆಕೃತಿಯನ್ನು ದೆವ್ವವೆಂದು ತಿಳಿದು ಭಯದಿಂದಲೇ ಅದರ ಕಾಲನ್ನು ಸ್ವಾಮಿ ಕಚ್ಚಿ ಹಿಡಿಯಲು, ಅದು ಕಳ್ಳನಾಗಿರುತ್ತದೆ. ಮಾರನೆಯ ದಿನ ಅವನು ವೀರ. ಆದರೆ ಕಥೆಯ ಕೊನೆಯಲ್ಲಿ ವೀರನು ಮತ್ತೆ ಅಜ್ಜಿಯ ಪಕ್ಕವನ್ನೇ ಸೇರುತ್ತಾನೆ. ಈ ಕಥೆಯ ಪ್ರಶ್ನೋತ್ತರವನ್ನು ಇಳಿಸಿಕೊಂಡು ಬಂದ ಮಗುವಿಗೆ ತಂದೆಯ ವಾದವು ಕಥೆಯಲ್ಲಿ ಗೆದ್ದಿತೋ ಸೋತಿತೋ ಎಂಬ ಸಂಶಯವೇ ಹುಟ್ಟಲಾರದು. ಆ ಸಂಶಯವನ್ನು ಹುಟ್ಟಿಸುವುದೇ ಪಾಠದ ಗುರಿ.

ಮೊದಲನೆಯ ದಿನ ತರಗತಿಯಲ್ಲಿ ತರ್ಕದ ಕಾರ್ಯ: ಕಥೆಯ ಘಟನೆಗಳನ್ನು ತಲೆಕೆಳಗು ಮಾಡಿ ಕೊಟ್ಟು ಸರಿಯಾದ ಕ್ರಮಕ್ಕೆ ತರಿಸುವುದು, ಕಳ್ಳನೆಂಬುದು ತಂದೆಗೆ ಯಾವಾಗ ತಿಳಿಯಿತು, ಸ್ವಾಮಿಗೆ ಯಾವಾಗ ತಿಳಿಯಿತು ಎಂಬ ಭೇದವನ್ನು ಕೇಳುವುದು. ಇದಕ್ಕೆ ಖಚಿತವಾದ ಉತ್ತರವುಂಟು. ಪ್ರಭು ಅವರ ಕ್ರಮ ಇಲ್ಲಿ ಯಥೋಚಿತ. ಆ ಸಂಜೆಯ ಮನೆಗೆಲಸ ಒಂದೇ: ಮನೆಯ ಹಿರಿಯರೊಬ್ಬರನ್ನು, ಅಜ್ಜಿಯಿದ್ದರೆ ಅಜ್ಜಿಯನ್ನೇ, ಅವರು ಚಿಕ್ಕಂದಿನಲ್ಲಿ ರಾತ್ರಿ ಹೆದರಿದ ಸಂಗತಿಯೊಂದನ್ನು ಕೇಳಿಕೊಂಡು ಬರುವುದು. ಹಲಸೂರಿನ ಅಜ್ಜಿ ತಮಿಳಿನಲ್ಲಿ ಹೇಳಲಿ, ಶಿವಾಜಿನಗರದ ದಾದಿಮಾ ಉರ್ದುವಿನಲ್ಲಿ ಹೇಳಲಿ, ಕೃಷ್ಣರಾಜಪುರದ ಕಾರ್ಮಿಕನು ತನ್ನ ಹಳ್ಳಿಯ ಕನ್ನಡದಲ್ಲಿ ಹೇಳಲಿ. ಅದಕ್ಕೆ ಅಕ್ಷರ ಬೇಡ, ಮೇಜು ಬೇಡ, ಟ್ಯೂಷನ್ ಬೇಡ. ಪಾತ್ರೆ ತೊಳೆಯುತ್ತಲೇ ಈ ಮನೆಗೆಲಸವನ್ನು ಮಾಡಬಹುದು. ಎರಡನೆಯ ದಿನ ಅದನ್ನು ನಾಲ್ಕು ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಬೇಕು; ಸಾಲದ ಪದವನ್ನು ಉಪಾಧ್ಯಾಯರು ಒದಗಿಸುವರು. ಇಂಗ್ಲಿಷ್ ಬಲ್ಲ ಮನೆಯ ಮಗುವಿಗೆ ಇಲ್ಲಿ ವಿಶೇಷ ಲಾಭವಿಲ್ಲ. ಕಥೆ ಬಲ್ಲ ಮನೆಯ ಮಗುವಿಗುಂಟು. ಆಮೇಲೆ ಅಭಿಪ್ರಾಯದ ಪ್ರಶ್ನೆ: ಹೆದರಿಕೊಂಡೇ ಮಾಡಿದ ಕೆಲಸವನ್ನು ಧೈರ್ಯವೆನ್ನಬಹುದೇ? ಆ ಹೊತ್ತಿಗೆ ಮಗುವಿನ ಕೈಯಲ್ಲಿ ಎರಡು ಕಥೆಗಳಿರುವುವು, ಹೇಳುವುದಕ್ಕೆ ಮಾತೂ ಇರುವುದು.

ಇದಕ್ಕೆ ಬರಬಹುದಾದ ಆಕ್ಷೇಪಗಳು ಎರಡು. ಪರೀಕ್ಷೆಯಲ್ಲಿ ಕೇಳುವುದು ಪಾಠದ ಪ್ರಶ್ನೆಗಳನ್ನು, ಅಜ್ಜಿಯ ಕಥೆಯನ್ನಲ್ಲ ಎಂಬುದು ಒಂದು. ಈ ಆಕ್ಷೇಪದಲ್ಲಿ ಬಲವುಂಟು. ಪರೀಕ್ಷೆ ಬದಲಾಗದೆ ಪಾಠ ಪೂರ್ತಿಯಾಗಿ ಬದಲಾಗದು. ಆದರೆ ಪ್ರೌಢಶಾಲೆಯ ಪರೀಕ್ಷೆಯಲ್ಲಿಯೂ ಪತ್ರ, ಪ್ರಬಂಧ, ಅಪರಿಚಿತ ಗದ್ಯಭಾಗ ಇವುಗಳಿಗೆ ಅಂಕಗಳುಂಟು. ಕಂಠಪಾಠ ಮಾಡಿದ ಮಗು ಎಡವುವುದು ಅಲ್ಲಿಯೇ. ಕೈಬರಹವೂ ಕಾಗುಣಿತವೂ ಕೆಡುತ್ತವೆಂಬುದು ಎರಡನೆಯದು. ಮಗು ತಾನು ಹೇಳಿದ ನಾಲ್ಕು ವಾಕ್ಯಗಳನ್ನು ತಿದ್ದಿಸಿಕೊಂಡು ಅಂದವಾಗಿ ಬರೆಯಲಿ. ತನ್ನದೇ ಆದ ವಾಕ್ಯವನ್ನು ಬರೆಯುವ ಕೈಗೆ ಅಂದದ ಅಭ್ಯಾಸ ತಪ್ಪುವುದಿಲ್ಲ. ತುಂಬಿದ ಪುಟವನ್ನು ನೋಡಬಯಸುವ ತಾಯಿಗೂ ಅದರಿಂದ ತೃಪ್ತಿ. ಆ ಪುಟದಲ್ಲಿರುವುದು ತಾನೇ ಹೇಳಿದ ಸಂಗತಿಯೆಂಬುದನ್ನು, ಓದಲು ಬಾರದಿದ್ದರೂ, ಅವಳು ಬಲ್ಲಳು.

೭

ಒಟ್ಟಿನಲ್ಲಿ ಹೇಳುವುದಾದರೆ, ಬೆಂಗಳೂರು ಪ್ರಯೋಗವು ಇಂಗ್ಲಿಷ್ ತರಗತಿಯಲ್ಲಿ ಅರ್ಥಕ್ಕೆ ಸಿಂಹಾಸನವನ್ನು ಕೊಟ್ಟಿತು. ಅದರ ಕೀರ್ತಿ ಯೋಗ್ಯವಾದುದು. ಸಾಹಿತ್ಯವನ್ನೂ ಮನೆಯನ್ನೂ ಅದು ಹೊಸ್ತಿಲ ಹೊರಗೆ ಬಿಟ್ಟಿತು. ಈ ಎರಡನ್ನೂ ಒಳಕ್ಕೆ ಕರೆಯುವ ಕೆಲಸ ಮುಂದಿನ ಉಪಾಧ್ಯಾಯರದು. ಇದಕ್ಕೆ ಕನ್ನಡದಲ್ಲಿ ಮಾದರಿ ಇಲ್ಲದೆ ಇಲ್ಲ. ೧೯೧೧ರಲ್ಲಿ ಧಾರವಾಡದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದ ಶ್ರೀಕಂಠಯ್ಯನವರು ಇಂಗ್ಲಿಷಿನ ಅಧ್ಯಾಪಕರು. ‘ಇಂಗ್ಲಿಷ್ ಗೀತಗಳು’ ಅವರ ಓದಿನಿಂದ ಮನೆಯ ಮಾತಿಗೆ ಬಂದ ಫಲ. ಹೊರಗಿನದನ್ನು ಅರ್ಥಮಾಡಿಕೊಂಡು ಒಳಗಿನ ಮಾತಿನಲ್ಲಿ ಹೇಳುವ ಆ ದಾರಿಯನ್ನೇ, ಒಳಗಿನದನ್ನು ಹೊರಗಿನ ಮಾತಿನಲ್ಲಿ ಹೇಳುವುದಕ್ಕೂ ಬಳಸಬಹುದು. ಶಾಲೆಯ ಮಗುವಿನಿಂದ ಅಷ್ಟು ದೊಡ್ಡ ಫಲವನ್ನು ಯಾರೂ ಬಯಸುವುದಿಲ್ಲ. ಬಯಸತಕ್ಕುದು ಇಷ್ಟು: ಶಾಲೆ ಕೊಡುವ ಕೆಲಸವನ್ನು ಮನೆಯು ತನ್ನಲ್ಲಿ ಇರುವುದರಿಂದ ಮಾಡುವಂತಾಗಬೇಕು. ಮನೆಯಲ್ಲಿ ಇಲ್ಲದುದನ್ನು ಮನೆಯಿಂದ ಕೇಳಿ, ಅದು ಬಾರದಿದ್ದಾಗ ಮಗುವಿಗೆ ಕಡಮೆ ಅಂಕ ಕೊಡುವ ಪದ್ಧತಿ ಬೋಧನೆಯೆಂಬ ಹೆಸರಿಗೆ ಅರ್ಹವಲ್ಲ.